ಬೇರು ನೋಡುವವಳು

"ಬಲ್ಲವರ ತಿಳಿವಳಿಕೆಯನ್ನೆಲ್ಲ ಬರೆದು ಒಂದು ಯಂತ್ರದೊಳಗೆ ಇಟ್ಟರೆ, ಆ ಬಲ್ಲವರು ಇಲ್ಲದಾಗಲೂ ವ್ಯಾಪಾರ ನಡೆಯುತ್ತದೆಯೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಪ್ರಶ್ನೆ ಅವನದಲ್ಲ, ಅವನ ಅಣ್ಣನದು. ಅಣ್ಣನಿಗೆ ಪೇಟೆಯಲ್ಲಿ ದೊಡ್ಡ ವ್ಯವಹಾರವಿತ್ತು. ಅಲ್ಲಿ ನಾಲ್ಕಾರು ಮಂದಿ ಹಳೆಯ ಕೆಲಸಗಾರರಿದ್ದರು. ಅವರು ಕೆಲಸ ಬಿಡುವ ಮೊದಲು ಅವರಿಗೆ ಗೊತ್ತಿರುವುದನ್ನೆಲ್ಲ ಕಂಪ್ಯೂಟರಿಗೆ ಹಾಕಿಸಬೇಕೆಂದು ಅವನು ಯೋಚಿಸಿದ್ದ. ಗುರುಗಳನ್ನು ಒಂದು ಮಾತು ಕೇಳಿ ತಿಳಿಸು ಎಂದು ತಮ್ಮನಿಗೆ ಕಾಗದ ಬರೆದಿದ್ದ.

"ನಡೆಯುತ್ತದೆ" ಎಂದರು ಗುರುಗಳು. "ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತದೆ. ಹಾಗೆ ನಡೆದದ್ದೊಂದು ನನಗೆ ಗೊತ್ತು, ಕೇಳು."

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನದು ಗ್ರಂಧಿಗೆ ಅಂಗಡಿ. ವೈದ್ಯರಿಗೆ ಬೇಕಾದ ಬೇರು, ತೊಗಟೆ, ಕಾಯಿ, ಬೀಜಗಳನ್ನು ಬೆಟ್ಟದ ಜನರಿಂದ ಕೊಂಡು, ಒಣಗಿಸಿ, ಊರೂರಿಗೆ ಕಳಿಸುವುದು ಅವನ ಕಸುಬು. ಅವನ ತಂದೆಯ ಕಾಲದಿಂದಲೂ ಆ ಅಂಗಡಿಗೆ ಒಳ್ಳೆಯ ಹೆಸರಿತ್ತು. ಅಲ್ಲಿಂದ ಬಂದ ಚೀಲವನ್ನು ಯಾವ ವೈದ್ಯನೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಬಿಚ್ಚಿ ನೇರವಾಗಿ ಕಷಾಯಕ್ಕೆ ಹಾಕುತ್ತಿದ್ದರು.

ಆ ಹೆಸರು ಬಂದದ್ದು ಒಬ್ಬ ಹೆಂಗಸಿನಿಂದ. ಅವಳು ಅಂಗಡಿಯ ಹಿಂದಿನ ಅಂಗಳದಲ್ಲಿ ಮೂವತ್ತು ವರ್ಷ ಕುಳಿತಿದ್ದಳು. ಬೆಟ್ಟದಿಂದ ಬಂದ ಚೀಲವನ್ನು ಅವಳ ಮುಂದೆ ಬಿಚ್ಚುತ್ತಿದ್ದರು. ಅವಳು ಕೈಹಾಕಿ ಒಂದು ಹಿಡಿ ತೆಗೆಯುತ್ತಿದ್ದಳು. ನೋಡುತ್ತಿದ್ದಳು, ಮುರಿಯುತ್ತಿದ್ದಳು, ಮೂಸುತ್ತಿದ್ದಳು, ಕೆಲವೊಮ್ಮೆ ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳುತ್ತಿದ್ದಳು. ಆಮೇಲೆ 'ಆಗಬಹುದು' ಎನ್ನುತ್ತಿದ್ದಳು, ಇಲ್ಲವೇ 'ಬೇಡ' ಎನ್ನುತ್ತಿದ್ದಳು. ಅಷ್ಟೇ ಅವಳ ಕೆಲಸ. ಬೇರುಗಳಲ್ಲಿ ಜೀವ ಉಳಿಸುವುದೂ ಜೀವ ತೆಗೆಯುವುದೂ ಒಂದೇ ತರಹ ಕಾಣುವುದುಂಟು. ಅವಳು ಬೇಡ ಎಂದ ಚೀಲ ಆ ಅಂಗಡಿಯೊಳಗೆ ಹೋದದ್ದಿಲ್ಲ.

ಅವಳ ಹೆಸರು ಸಣ್ಣೀರಮ್ಮ. ಈ ಕತೆಯಲ್ಲಿ ಅವಳ ಹೆಸರೊಂದನ್ನೇ ಹೇಳುತ್ತೇನೆ. ಉಳಿದವರ ಹೆಸರುಗಳು ಕಾಗದಪತ್ರಗಳಲ್ಲಿ ಇವೆ.

ಒಂದು ಸಲ ಸಣ್ಣೀರಮ್ಮನಿಗೆ ಜ್ವರ ಬಂತು. ಹನ್ನೊಂದು ದಿನ ಅವಳು ಏಳಲಿಲ್ಲ. ಅಂಗಳದಲ್ಲಿ ಚೀಲಗಳು ಒಂದರ ಮೇಲೊಂದು ಬಿದ್ದವು. ಬೆಟ್ಟದ ಜನ ಎರಡು ದಿನ ಕಾದು, ಮೂರನೆಯ ದಿನ ಬೇರೆ ಅಂಗಡಿಗೆ ಹೋದರು. ವೈದ್ಯರಿಂದ ಕೇಳಿಕೆಯ ಮೇಲೆ ಕೇಳಿಕೆ ಬಂತು. ವ್ಯಾಪಾರಿ ತಾನೇ ಒಂದು ಚೀಲ ಬಿಚ್ಚಿ ಕುಳಿತ. ಬೇರು ಮುರಿದ, ಮೂಸಿದ. ಅವನಿಗೆ ಮಣ್ಣಿನ ವಾಸನೆ ಬಿಟ್ಟು ಬೇರೇನೂ ತಿಳಿಯಲಿಲ್ಲ. ಹುಟ್ಟಿದಂದಿನಿಂದ ಅದೇ ಅಂಗಡಿಯಲ್ಲಿ ಬೆಳೆದವನು ಅವನು. ತನಗೆ ತನ್ನ ಕಸುಬೇ ಗೊತ್ತಿಲ್ಲವೆಂದು ಅವನಿಗೆ ಅಂದು ತಿಳಿಯಿತು. ಇಷ್ಟು ದೊಡ್ಡ ಅಂಗಡಿ ಒಬ್ಬ ಹೆಂಗಸಿನ ಮೂಗಿನ ಮೇಲೆ ನಿಂತಿದೆ ಎಂದು ಅವನಿಗೆ ಭಯವಾಯಿತು.

ಆ ಭಯದಲ್ಲಿ ತಪ್ಪೇನೂ ಇರಲಿಲ್ಲ.

ಅವನು ಊರಾಚೆಯಿಂದ ಒಬ್ಬನನ್ನು ಕರೆಸಿದ. ಬಲ್ಲವರನ್ನು ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ನಿಯಮಗಳನ್ನಾಗಿ ಬರೆದು, ಕಂಪ್ಯೂಟರಿಗೆ ಹಾಕಿಕೊಡುವುದು ಅವನ ಕೆಲಸ. ಒಮ್ಮೆ ಹಾಕಿದರೆ ಯಾರು ಬೇಕಾದರೂ ಅದರ ಮುಂದೆ ಕುಳಿತು, ಅದು ಕೇಳಿದ್ದಕ್ಕೆ ಉತ್ತರಿಸುತ್ತ ಹೋದರೆ ಸಾಕು. ಬಲ್ಲವನು ಏನು ಹೇಳುತ್ತಿದ್ದನೋ ಅದನ್ನೇ ಅದು ಹೇಳುತ್ತದೆ. ಬಂದವನು ಮೋಸಗಾರನಲ್ಲ, ಸೋಮಾರಿಯೂ ಅಲ್ಲ. ಸಣ್ಣೀರಮ್ಮನ ಪಕ್ಕದಲ್ಲಿ ನಾಲ್ಕು ತಿಂಗಳು ನೆಲದ ಮೇಲೆ ಕುಳಿತು ಬರೆದುಕೊಂಡ.

ಮೊದಲ ವಾರ ಅವಳಿಗೆ ಮಾತೇ ಬರಲಿಲ್ಲ. ಇದು ಆಗಬಹುದು, ಅದು ಬೇಡ ಎನ್ನುತ್ತಿದ್ದಳು. ಹೇಗೆಂದು ಕೇಳಿದರೆ, ಗೊತ್ತಾಗುತ್ತದೆ ಎಂದಷ್ಟೇ ಹೇಳುತ್ತಿದ್ದಳು. ಅವನು ಬಿಡಲಿಲ್ಲ. ಮುರಿದಾಗ ಒಳಗಿನ ಬಣ್ಣ ಯಾವುದು, ನಡುವೆ ಉಂಗುರದಂತಹ ಗೆರೆ ಇದೆಯೇ, ನಾರು ಉದ್ದಕ್ಕೆ ಸೀಳುತ್ತದೆಯೇ, ತುಂಡಾಗುತ್ತದೆಯೇ, ಪುಡಿ ಬೆರಳಿಗೆ ಅಂಟುತ್ತದೆಯೇ ಎಂದು ಒಂದೊಂದನ್ನೇ ಬಿಡಿಸಿ ಕೇಳಿದ. ನಿಧಾನವಾಗಿ ಅವಳಿಗೆ ಮಾತು ಸಿಕ್ಕಿತು. ಸಿಕ್ಕ ಮೇಲೆ ನಿಲ್ಲಲಿಲ್ಲ.

ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯಿಂದ ಈ ಕೆಲಸ ಕಲಿತವಳು. ಅತ್ತೆ ಏನನ್ನೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ತಪ್ಪಿದಾಗ ಕೈಯ ಮೇಲೆ ಹೊಡೆಯುತ್ತಿದ್ದಳು, ಅಷ್ಟೇ. ಈ ಮೂವತ್ತು ವರ್ಷಗಳಲ್ಲಿ ನಿನಗೆ ಇದು ಹೇಗೆ ಗೊತ್ತು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಈಗ ಓದಿದವನೊಬ್ಬ ಬಂದು, ಪಕ್ಕದಲ್ಲಿ ಕುಳಿತು, ಅವಳು ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಅವಳು ಒಗೆದ ಸೀರೆ ಉಟ್ಟು ಬರತೊಡಗಿದಳು. ಮನೆಯಲ್ಲಿ ಒಲೆಯ ಮುಂದೆ ಕುಳಿತಾಗಲೂ ಅದನ್ನೇ ಯೋಚಿಸುತ್ತಿದ್ದಳು. ಬೆಳಿಗ್ಗೆ ಬಂದವಳೇ, ನಿನ್ನೆ ಕೇಳಿದಿರಲ್ಲ, ಅದಕ್ಕೆ ಇನ್ನೂ ಒಂದು ಗುರುತು ಇದೆ ಎಂದು ತಾನೇ ಶುರು ಮಾಡುತ್ತಿದ್ದಳು. ತನ್ನ ತಂಗಿಯ ಬಳಿ, ನನಗೆ ಇಷ್ಟೊಂದು ಗೊತ್ತಿದೆಯೆಂದು ನನಗೇ ಗೊತ್ತಿರಲಿಲ್ಲ ಎಂದು ಹೇಳಿಕೊಂಡಳಂತೆ. ಅವಳ ಬದುಕಿನಲ್ಲಿ ಆ ನಾಲ್ಕು ತಿಂಗಳಷ್ಟು ಸಂತೋಷದ ಕಾಲ ಇನ್ನೊಂದಿರಲಿಲ್ಲ.

ಚೀಲ ತಂದ ಬೆಟ್ಟದ ಜನರೊಂದಿಗೆ ಅವಳು ಬಹಳ ಹೊತ್ತು ಮಾತಾಡುತ್ತಿದ್ದಳು. ಯಾವ ಕಡೆಯಿಂದ ಬಂದಿರಿ, ಈ ಸಲ ಯಾರು ಅಗೆದರು, ಮಳೆ ಎಲ್ಲಿ ಹಿಡಿಯಿತು, ನಿಮ್ಮ ಸೊಸೆಗೆ ಹೆರಿಗೆಯಾಯಿತೇ ಎಂದೆಲ್ಲ ಕೇಳುತ್ತಿದ್ದಳು. ಆ ಹೊತ್ತಿನಲ್ಲಿ ಬರೆಯುವವನು ಪುಸ್ತಕ ಮುಚ್ಚಿ ಕೈಬೆರಳು ನೀವಿಕೊಳ್ಳುತ್ತಿದ್ದ. ಅದು ಬೇರಿನ ವಿಷಯವಲ್ಲ, ಹರಟೆ ಎಂದು ಅವನು ತಿಳಿದಿದ್ದ. ಅವಳೂ ಹಾಗೆಯೇ ತಿಳಿದಿದ್ದಳು.

ಕೊನೆಗೆ ನಾನೂರ ಹನ್ನೆರಡು ನಿಯಮಗಳಾದವು.

ಪರೀಕ್ಷೆ ನಡೆಯಿತು. ಮುನ್ನೂರು ಚೀಲಗಳನ್ನು ಒಂದು ಕಡೆ ಸಣ್ಣೀರಮ್ಮ ನೋಡಿದಳು. ಇನ್ನೊಂದು ಕಡೆ, ಬೇರಿನ ವಿಷಯ ಏನೂ ತಿಳಿಯದ ಒಬ್ಬ ಕೆಲಸಗಾರ ಯಂತ್ರದ ಪ್ರಶ್ನೆಗಳಿಗೆ ಉತ್ತರಿಸುತ್ತ ನೋಡಿದ. ಮೂರು ಚೀಲಗಳನ್ನು ಬಿಟ್ಟು ಉಳಿದೆಲ್ಲದರಲ್ಲೂ ಇಬ್ಬರ ತೀರ್ಪು ಒಂದೇ. ಆ ಮೂರನ್ನು ಅವಳು ಮತ್ತೆ ನೋಡಿದಳು. ಎರಡರಲ್ಲಿ ಯಂತ್ರವೇ ಸರಿ, ತಾನು ದಣಿದಿದ್ದೆ ಎಂದು ಒಪ್ಪಿಕೊಂಡಳು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಯಂತ್ರದಿಂದ ನಿಜವಾಗಿ ಉಪಯೋಗವಾಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲು ದಿನಕ್ಕೆ ಇಪ್ಪತ್ತು ಚೀಲ ನೋಡುತ್ತಿದ್ದಲ್ಲಿ ಈಗ ಇನ್ನೂರು ನೋಡಬಹುದಾಯಿತು. ಅದಕ್ಕೆ ಜ್ವರ ಬರುತ್ತಿರಲಿಲ್ಲ, ಕಣ್ಣು ಮಂಜಾಗುತ್ತಿರಲಿಲ್ಲ. ವ್ಯಾಪಾರಿ ಇನ್ನೂ ಆರು ಊರುಗಳಲ್ಲಿ ಗೋದಾಮು ತೆರೆದ. ಆರು ಕಡೆಯೂ ಅದೇ ನಾನೂರ ಹನ್ನೆರಡು ನಿಯಮಗಳು ಕೆಲಸ ಮಾಡಿದವು. ಆರು ಕಡೆಯೂ ಸಣ್ಣೀರಮ್ಮ ಕುಳಿತಂತೆಯೇ ಆಯಿತು. ಎಷ್ಟೋ ಊರುಗಳಲ್ಲಿ ಕಳಪೆ ಬೇರು ತಿಂದು ನರಳುತ್ತಿದ್ದವರಿಗೆ ಒಳ್ಳೆಯ ಔಷಧ ಸಿಕ್ಕಿತು. ಎರಡು ವರ್ಷ ಒಂದು ದೂರೂ ಬರಲಿಲ್ಲ.

ಸಣ್ಣೀರಮ್ಮನನ್ನು ವ್ಯಾಪಾರಿ ಕೈಬಿಡಲಿಲ್ಲ. ಇಷ್ಟು ದಿನ ದುಡಿದದ್ದು ಸಾಕು, ಮನೆಯಲ್ಲಿ ಇರು, ತಿಂಗಳ ಸಂಬಳ ಮನೆಗೇ ಬರುತ್ತದೆ ಎಂದ. ಹಾಗೆಯೇ ನಡೆದುಕೊಂಡ. ಅವಳು ತಂಗಿಯ ಮನೆಯ ಜಗಲಿಯಲ್ಲಿ ಕುಳಿತಳು. ಮೊದಮೊದಲು ಅಂಗಡಿಯಿಂದ ಯಾರಾದರೂ ಏನಾದರೂ ಕೇಳಲು ಬರುತ್ತಾರೆಂದು ಕಾದಳು. ಯಾರಿಗೂ ಕೇಳುವ ಅಗತ್ಯ ಬೀಳಲಿಲ್ಲ.

ಆರು ಗೋದಾಮುಗಳಾದ ಮೇಲೆ ಬೇರು ಹೆಚ್ಚು ಬೇಕಾಯಿತು. ಮೊದಲು ಬೆಟ್ಟದ ಜನ ತಾವೇ ಹೊತ್ತು ತರುತ್ತಿದ್ದರು. ಈಗ ಒಬ್ಬ ಮಧ್ಯವರ್ತಿ ನಾಲ್ಕು ಕಡೆ ಕೊಂಡು ಲಾರಿಯಲ್ಲಿ ಕಳಿಸತೊಡಗಿದ. ಹಳೆಯ ಬೆಟ್ಟದಲ್ಲಿ ಅಗೆದು ಅಗೆದು ಬೇರು ಮುಗಿಯಿತು. ಅಗೆಯುವವರು ಬೇರೆ ಬೆಟ್ಟಕ್ಕೆ ಹೋದರು. ಹೊಟ್ಟೆನೋವಿಗೆ ಕೊಡುವ ಬೇರಿನ ಹಾಗೆಯೇ ಇರುವ ಇನ್ನೊಂದು ಬೇರು ಅಲ್ಲಿ ಬೆಳೆಯುತ್ತಿತ್ತು. ಅದೇ ಬಣ್ಣ, ಅದೇ ಗೆರೆ, ಅದೇ ನಾರು. ಒಣಗಿದ ಮೇಲೆ ವಾಸನೆಯೂ ಅದೇ. ಅದು ವಿಷ.

ಆ ಬೇರಿನ ಲಾರಿ ಬಂದ ದಿನ ಸಣ್ಣೀರಮ್ಮ ಅಂಗಡಿಗೆ ಬಂದಿದ್ದಳು. ಕೆಲಸವಿದ್ದು ಬಂದದ್ದಲ್ಲ. ಸಂತೆಗೆ ಬಂದವಳು, ಬಹಳ ದಿನವಾಯಿತು ಎಂದು ಒಳಗೆ ಬಂದಳು. ಅಂಗಳದಲ್ಲಿ ಚೀಲಗಳು ಬಿಚ್ಚಿದ್ದವು. ನೋಡಿ ಆಗಿತ್ತು. ಸಂಜೆಯೊಳಗೆ ಅವು ಇನ್ನೊಂದು ಲಾರಿಯಲ್ಲಿ ಊರೂರಿಗೆ ಹೊರಡಬೇಕಿತ್ತು. ಅವಳು ಅಭ್ಯಾಸದಿಂದ ಒಂದರಲ್ಲಿ ಕೈಹಾಕಿದಳು. ತೆಗೆದದ್ದನ್ನು ಹಾಗೆಯೇ ಹಿಡಿದುಕೊಂಡು ನಿಂತಳು. ಇದನ್ನು ಯಾರು ತಂದರು ಎಂದು ಕೇಳಿದಳು. ಲಾರಿಯಲ್ಲಿ ಬಂತು ಎಂದ ಕೆಲಸಗಾರ. ಯಾವ ಕಡೆಯದು ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ.

"ಇದು ಬೇಡ" ಎಂದಳು.

ಕೆಲಸಗಾರ ಅವಳಿಗೆ ಗೌರವ ಕೊಡುವವನೇ. ಆದರೆ ಯಂತ್ರ ಆಗಬಹುದು ಎಂದಿತ್ತು. ಅದು ತಪ್ಪೆಂದು ಬರೆಯಬೇಕಾದರೆ ಯಾವ ನಿಯಮದ ಪ್ರಕಾರ ತಪ್ಪು ಎಂದು ತೋರಿಸಬೇಕಿತ್ತು. ಅವನು ವ್ಯಾಪಾರಿಯನ್ನು ಕರೆದ. ವ್ಯಾಪಾರಿ ಬಂದು ಅವಳನ್ನು ಕೂರಿಸಿ, ನೀರು ಕೊಡಿಸಿ, ಅವಳ ಎದುರಿನಲ್ಲಿಯೇ ಆ ಬೇರನ್ನು ಇನ್ನೊಮ್ಮೆ ಯಂತ್ರಕ್ಕೆ ಒಪ್ಪಿಸಿದ. ಪ್ರಶ್ನೆಗಳು ಒಂದೊಂದಾಗಿ ಬಂದವು. ಅವನು ಗಟ್ಟಿಯಾಗಿ ಓದಿದ. ಬೇರನ್ನು ಮುರಿದು ಅವಳಿಗೆ ತೋರಿಸಿದ. ಪ್ರತಿಯೊಂದಕ್ಕೂ ಅವಳೇ ಉತ್ತರ ಹೇಳಿದಳು. ಕೊನೆಯಲ್ಲಿ ಯಂತ್ರ ಮತ್ತೆ ಆಗಬಹುದು ಎಂದಿತು.

"ಇವೆಲ್ಲ ನೀನೇ ಹೇಳಿಕೊಟ್ಟದ್ದು, ಸಣ್ಣೀರಮ್ಮ" ಎಂದ ವ್ಯಾಪಾರಿ. "ಇದರಲ್ಲಿ ಯಾವುದು ತಪ್ಪು ಹೇಳು. ಈಗಲೇ ಲಾರಿ ನಿಲ್ಲಿಸುತ್ತೇನೆ."

ಅವನು ನಿಲ್ಲಿಸುತ್ತಿದ್ದ. ಅದರಲ್ಲಿ ಅನುಮಾನವಿಲ್ಲ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅವಳು ಬಹಳ ಹೊತ್ತು ಯೋಚಿಸಿದಳು. ಒಂದೊಂದು ನಿಯಮವೂ ಅವಳದೇ. ಒಂದರಲ್ಲೂ ತಪ್ಪು ಕಾಣಲಿಲ್ಲ. ಬೇರು ಇನ್ನೂ ಕೈಯಲ್ಲಿತ್ತು. ಎರಡು ವರ್ಷದ ಹಿಂದೆ ತಾನು ದಣಿದು ತಪ್ಪಿದ್ದಾಗ ಯಂತ್ರ ಸರಿ ಹೇಳಿದ್ದು ಅವಳ ನೆನಪಿಗೆ ಬಂತು. ನನಗೆ ವಯಸ್ಸಾಯಿತು, ಕೈಗೆ ರೂಢಿ ತಪ್ಪಿದೆ, ನನ್ನದೇ ತಪ್ಪಿರಬೇಕು ಎಂದಳು. ಬೇರನ್ನು ಚೀಲದಲ್ಲಿ ಹಾಕಿ, ಕೈ ತೊಳೆದುಕೊಂಡು ಮನೆಗೆ ಹೋದಳು.

ಚೀಲಗಳು ಹೊರಟವು.

ಒಂದು ಊರಿನಲ್ಲಿ ಒಬ್ಬ ವೈದ್ಯರಿದ್ದರು. ನಲವತ್ತು ವರ್ಷದಿಂದ ಅದೇ ಊರಿನ ನಾಡಿ ಹಿಡಿದವರು. ಹೊಟ್ಟೆನೋವೆಂದು ಬಂದವರಿಗೆ ಅವರು ಎಂದಿನಂತೆ ಕಷಾಯ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಕುಂಬಾರ ಸತ್ತ. ಅವನು ಮೊದಲೇ ನಿತ್ರಾಣನಾಗಿದ್ದ ಎಂದುಕೊಂಡರು. ಸಂಜೆಗೆ ತಾಯಿ ಮಗಳು ಇಬ್ಬರೂ ಸತ್ತರು. ಜನ ವೈದ್ಯರ ಮನೆಯ ಮುಂದೆ ಸೇರಿದರು. ವೈದ್ಯರಿಗೆ ಔಷಧದ ಮೇಲೆ ಸಂಶಯ ಹುಟ್ಟಲೇ ಇಲ್ಲ. ಅದು ಬಂದದ್ದು ಆ ಅಂಗಡಿಯಿಂದ. ನೀರು ಕೆಟ್ಟಿರಬೇಕು, ಊರಿಗೆ ಕಾಯಿಲೆ ಬಂದಿರಬೇಕು, ಕಷಾಯವನ್ನು ಎಲ್ಲರೂ ಕುಡಿಯಿರಿ ಎಂದು ಅವರು ಹೇಳಿದರು. ಜನ ಹಿಂಜರಿದಾಗ, ಉಳಿದಿದ್ದ ಕಷಾಯವನ್ನು ಎಲ್ಲರ ಎದುರು ತಾವೇ ಎತ್ತಿ ಕುಡಿದರು. ಅವರು ಕುಡಿದದ್ದನ್ನು ನೋಡಿ ಇನ್ನೂ ಮೂವರು ಕುಡಿದರು.

ಒಟ್ಟು ಏಳು ಜನ. ವೈದ್ಯರು ಏಳನೆಯವರು.

ಅಧಿಕಾರಿಗಳು ಬಂದರು. ಬೇರನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಯೂ ಮೊದಲ ಸಲ ನೋಡಿದವರಿಗೆ ಗೊತ್ತಾಗಲಿಲ್ಲ. ಹದಿನೈದು ದಿನವಾದ ಮೇಲೆ ಇದು ಬೇರೆ ಜಾತಿ ಎಂದು ತಿಳಿಯಿತು. ಆಮೇಲೆ ತಪ್ಪು ಯಾರದೆಂದು ಹುಡುಕಿದರು. ಕೆಲಸಗಾರ ಯಂತ್ರ ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸಿದ್ದ. ಯಂತ್ರ ನಿಯಮಗಳಿಗೆ ಸರಿಯಾಗಿ ತೀರ್ಪು ಕೊಟ್ಟಿತ್ತು. ಬರೆದುಕೊಂಡವನು ತನಗೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದ. ವ್ಯಾಪಾರಿ ಒಂದು ಪರೀಕ್ಷೆಗೆ ಎರಡು ಪರೀಕ್ಷೆ ಮಾಡಿಸಿದ್ದ. ಎಲ್ಲಿಯೂ ತಪ್ಪು ಸಿಗಲಿಲ್ಲ. ಕೊನೆಗೆ ಈ ನಿಯಮಗಳನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಸಣ್ಣೀರಮ್ಮನನ್ನು ಕರೆಸಿದರು. ಅವಳು ತಲೆ ತಗ್ಗಿಸಿ, ನಾನೇ ಹೇಳಿದ್ದು ಎಂದಳು. ಬರೆದುಕೊಂಡು ಕಳಿಸಿದರು. ಅವಳ ಮೇಲೆ ಹೊರಿಸುವಂಥದ್ದು ಅವರಿಗೂ ಏನೂ ಸಿಗಲಿಲ್ಲ.

ವ್ಯಾಪಾರಿ ಅವಳ ತಂಗಿಯ ಮನೆಗೆ ಹೋದ. ಜಗಲಿಯ ಮೇಲೆ ಕುಳಿತ. ಅವನಿಗೆ ಅನ್ನ ಸೇರದೆ ಎಷ್ಟೋ ದಿನವಾಗಿತ್ತು. ಆ ವೈದ್ಯರು ಅವನ ತಂದೆಯ ಸ್ನೇಹಿತರು.

"ಅಂದು ನಿನಗೆ ಗೊತ್ತಿತ್ತು" ಎಂದ. "ಗೊತ್ತಿದ್ದೂ ಯಾಕೆ ಗಟ್ಟಿಯಾಗಿ ನಿಲ್ಲಲಿಲ್ಲ, ಸಣ್ಣೀರಮ್ಮ?"

"ನೀವು ಕಾರಣ ಕೇಳಿದಿರಿ, ಯಜಮಾನರೇ" ಎಂದಳು ಅವಳು. "ನನ್ನ ಹತ್ತಿರ ಇದ್ದ ಕಾರಣಗಳನ್ನೆಲ್ಲ ಮೊದಲೇ ಕೊಟ್ಟುಬಿಟ್ಟಿದ್ದೆ."

ವ್ಯಾಪಾರಿ ಅತ್ತ. ಮತ್ತೆ ಬಂದು ಕುಳಿತುಕೊ, ನೀನು ಬೇಡ ಎಂದರೆ ಬೇಡ, ಇನ್ನು ಯಾರೂ ಯಾಕೆಂದು ಕೇಳುವುದಿಲ್ಲ ಎಂದು ಕೈಮುಗಿದ. ಅವಳಿಗೆ ಮನಸ್ಸಿರಲಿಲ್ಲ. ಅವನ ಮುಖ ನೋಡಿ ಒಪ್ಪಿಕೊಂಡಳು. ಅಂಗಳದಲ್ಲಿ ಅವಳ ಚಾಪೆ ಹಾಸಿದರು. ಚೀಲ ತಂದು ಮುಂದೆ ಬಿಚ್ಚಿದರು. ಅವಳು ಒಂದು ಹಿಡಿ ತೆಗೆದಳು. ಮುರಿದಳು. ಒಳಗಿನ ಬಣ್ಣ ನೋಡಿದಳು, ಗೆರೆ ನೋಡಿದಳು, ನಾರು ಎಳೆದು ನೋಡಿದಳು, ಪುಡಿ ಬೆರಳಿಗೆ ಉಜ್ಜಿ ನೋಡಿದಳು. ಒಂದಾದ ಮೇಲೊಂದು ನಿಯಮ ತಲೆಯಲ್ಲಿ ಬಂತು. ಕೊನೆಯ ನಿಯಮ ಮುಗಿದ ಮೇಲೆ ಏನೂ ಬರಲಿಲ್ಲ. ಮೊದಲು ಬೇರು ಮುಟ್ಟಿದ ಕೂಡಲೇ ಒಳಗಿನಿಂದ ಒಂದು ಮಾತು ಏಳುತ್ತಿತ್ತು. ಈಗ ಅವಳು ಕಾದು ಕುಳಿತರೂ ಏಳಲಿಲ್ಲ. ನಾಲಿಗೆಗೆ ಮುಟ್ಟಿಸಿದಳು. ಅದು ಕಹಿಯಾಗಿತ್ತು. ಎಲ್ಲ ಬೇರೂ ಕಹಿಯೇ.

ಇಪ್ಪತ್ತು ದಿನ ಹಾಗೆ ಪ್ರಯತ್ನಪಟ್ಟಳು. ಆಮೇಲೆ ಒಂದು ಬೆಳಿಗ್ಗೆ, ನನ್ನಿಂದ ಆಗುವುದಿಲ್ಲ, ಈಗ ನಾನೂ ಅದರ ಹಾಗೆಯೇ ನೋಡುತ್ತಿದ್ದೇನೆ, ಅದಕ್ಕಿಂತ ನಿಧಾನ ಅಷ್ಟೇ ಎಂದು ಹೇಳಿ ಎದ್ದಳು. ಯಾರೂ ತಡೆಯಲಿಲ್ಲ. ಮರುವರ್ಷ ಅವಳು ತೀರಿಕೊಂಡಳು. ಏನು ಕಾಯಿಲೆಯೆಂದು ಗೊತ್ತಾಗಲಿಲ್ಲ. ಕೊನೆಯ ದಿನಗಳಲ್ಲಿ ಯಾವ ಔಷಧ ಕೊಟ್ಟರೂ ಬೇಡ ಎಂದಳಂತೆ.

ಬರೆದುಕೊಂಡವನು ತನ್ನ ಪುಸ್ತಕಗಳನ್ನೆಲ್ಲ ಮತ್ತೆ ಓದಿದ. ಬೇರು ಯಾವ ಬೆಟ್ಟದ್ದು, ಅಗೆದವರು ಯಾರು ಎಂದು ಕೇಳುವ ಎರಡು ಪ್ರಶ್ನೆಗಳನ್ನು ಯಂತ್ರಕ್ಕೆ ಸೇರಿಸಿದ. ಆ ಬೇರಿನಿಂದ ಮತ್ತೆ ಯಾರೂ ಸಾಯಲಿಲ್ಲ. ಎರಡು ಮೂರು ವರ್ಷಗಳಲ್ಲಿ ಜನ ಮರೆತರು. ಈಗ ಗೋದಾಮುಗಳು ಒಂಬತ್ತಾಗಿವೆ. ಬರೆದುಕೊಂಡವನು ಆ ಕೆಲಸ ಬಿಟ್ಟು ಈ ಮಠಕ್ಕೆ ಬಂದು ಕೆಲವು ತಿಂಗಳಿದ್ದ. ಇದನ್ನೆಲ್ಲ ನನಗೆ ಹೇಳಿದವನು ಅವನೇ. ಅವಳು ಬೆಟ್ಟದವರೊಂದಿಗೆ ಆಡುತ್ತಿದ್ದ ಮಾತುಗಳನ್ನು ನೆನಪು ಮಾಡಿಕೊಂಡು ಬರೆಯಲು ಇಲ್ಲಿ ಕುಳಿತು ಪ್ರಯತ್ನಿಸುತ್ತಿದ್ದ. ಒಂದು ಪುಟ ತುಂಬಲಿಲ್ಲ. ಒಂದು ದಿನ ಹೇಳದೆ ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು. ಅಣ್ಣನ ಕಾಗದ ಶಿಷ್ಯನ ಮುಂದೆಯೇ ಇತ್ತು. ಯಂತ್ರ ಬೇಡವೆಂದು ಬರೆಯಲೇ ಎಂದು ಕೇಳಿದ. ಹಾಗೆ ಬರೆಯಬೇಡ, ಅದರಿಂದ ಬದುಕಿದವರು ಸತ್ತವರಿಗಿಂತ ಹೆಚ್ಚು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದರು ಗುರುಗಳು. ಹಾಗಾದರೆ ಹಾಕಿಸಲು ಬರೆಯಲೇ ಎಂದು ಕೇಳಿದ. ಅವರು ಅದಕ್ಕೂ ಹೂಂ ಎನ್ನಲಿಲ್ಲ.

ಶಿಷ್ಯನಿಗೆ ಒಂದು ವಿಷಯ ಮಾತ್ರ ಬಿಟ್ಟೂ ಬಿಡದೆ ಕಾಡುತ್ತಿತ್ತು.

"ಪ್ರಯೋಗಾಲಯದವರಿಗೇ ಹದಿನೈದು ದಿನ ಬೇಕಾಯಿತು" ಎಂದ. "ಅವಳು ಮುಟ್ಟಿದ ಕೂಡಲೇ ಬೇಡ ಎಂದಳು. ಅವಳಿಗೆ ಅದು ಹೇಗೆ ಗೊತ್ತಾಯಿತು, ಗುರುಗಳೇ? ಏನಾದರೂ ಒಂದು ಕಾರಣ ಇದ್ದೇ ಇರಬೇಕಲ್ಲ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಬಲ್ಲವಳು ಹೋದಳು, ಉಳಿದವರು ನಾವು, ಕಾರಣ ಕೇಳುವವರು" ಎಂದರು.